ಗಂಡಸರ ಕೂದಲು ಉದುರುವಿಕೆ: ಯಾವ ಮನೆಮದ್ದು ಕೆಲಸಕ್ಕೆ ಬರುತ್ತೆ, ಯಾವುದು ಬರೀ ಖರ್ಚು? ಇಲ್ಲಿದೆ ಪೂರ್ತಿ ಮಾಹಿತಿ

ದಿಂಬಿನ ಮೇಲೆ ಕೂದಲು, ಬಚ್ಚಲಲ್ಲಿ ಕೂದಲು, ಬಾಚಣಿಗೆ ಹಿಡಿದರೆ ಅಲ್ಲೂ ಕೂದಲು. ಇಪ್ಪತ್ತೈದು ತುಂಬುವ ಮೊದಲೇ ನೆತ್ತಿ ಕಾಣೋಕೆ ಶುರುವಾದರೆ ಯಾರಿಗೇ ಆದರೂ ಚಿಂತೆ ಆಗೋದು ಸಹಜ. ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದರಂತೂ ಕೇಳೋದೇ ಬೇಡ. 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ಸಿನಿಮಾ ನೋಡಿ ಎಲ್ಲರೂ ನಕ್ಕಿದ್ದೇವೆ. ಆದರೆ ಅನುಭವಿಸುವವರಿಗೆ ಅದು ನಗುವ ವಿಷಯ ಅಲ್ಲ.

ಈ ಚಿಂತೆಯಲ್ಲೇ ಹೆಚ್ಚಿನವರು ಒಂದು ಎಣ್ಣೆ ಬಿಟ್ಟು ಇನ್ನೊಂದು ಎಣ್ಣೆ ಅಂತ ಬದಲಾಯಿಸುತ್ತಾ ವರ್ಷಗಟ್ಟಲೆ ಕಳೆಯುತ್ತಾರೆ. ಹೋಗುವುದು ದುಡ್ಡು ಮಾತ್ರ ಅಲ್ಲ, ಸಮಯವೂ ಹೋಗುತ್ತೆ. ಕೆಲವು ಬಗೆಯ ಕೂದಲು ಉದುರುವಿಕೆಗೆ ಮನೆಮದ್ದು ಸಾಕು. ಕೆಲವಕ್ಕೆ ಸಾಲದು, ಅಲ್ಲಿ ತಡ ಮಾಡಿದಷ್ಟೂ ನಷ್ಟ. ಹಾಗಾಗಿ ಮೊದಲು ನಿಮ್ಮದು ಯಾವ ಬಗೆ ಅಂತ ಗುರುತಿಸಿ, ಆಮೇಲೆ ಮದ್ದಿನ ಮಾತು.

ಎಷ್ಟು ಉದುರಿದರೆ ಸಹಜ?

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತೆ, ಆಮೇಲೆ ಸುಮಾರು 3 ತಿಂಗಳು ಬೆಳವಣಿಗೆ ನಿಲ್ಲಿಸಿ ಉದುರುತ್ತೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತೆ. ಬೆಳೆಯುವ ವೇಗ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹೀಗಿರುವಾಗ ಯಾವ ಮದ್ದಿನ ಫಲವೂ 3 ತಿಂಗಳಿಗಿಂತ ಮೊದಲು ಕಣ್ಣಿಗೆ ಕಾಣುವುದಿಲ್ಲ. ‘7 ದಿನದಲ್ಲಿ ಹೊಸ ಕೂದಲು’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು ಅಂತ ಅಲ್ಲೇ ತಿಳಿಯಿರಿ.

ನಿಮ್ಮದು ಇದರಲ್ಲಿ ಯಾವುದು?

1. ವಂಶಪಾರಂಪರ್ಯದ ಬೋಳುತನ: ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿಯುತ್ತೆ, ನೆತ್ತಿ ತೆಳುವಾಗುತ್ತೆ. ಕಿವಿಯ ಪಕ್ಕ ಮತ್ತು ಹಿಂದಲೆಯಲ್ಲಿ ಕೂದಲು ಹಾಗೇ ಇರುತ್ತೆ. ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಆ ಜಾಗದ ಬೇರುಗಳು ಸೂಕ್ಷ್ಮವಾಗಿರುವುದು ಕಾರಣ. ಬೇರು ಸಣ್ಣಗಾಗುತ್ತಾ, ದಪ್ಪ ಕೂದಲಿನ ಜಾಗದಲ್ಲಿ ನವಿರಾದ ರೋಮ ಬರುತ್ತೆ. ‘ತಾಯಿ ಕಡೆಯಿಂದ ಮಾತ್ರ ಬರುತ್ತೆ’ ಅನ್ನೋದು ತಪ್ಪು, ತಂದೆ ಕಡೆಯಿಂದಲೂ ಬರಬಹುದು.

2. ಜ್ವರದ ನಂತರ ಉದುರುವುದು: ಟೈಫಾಯ್ಡ್, ಡೆಂಗಿ, ಕೋವಿಡ್, ದೊಡ್ಡ ಆಪರೇಷನ್, ಏಕಾಏಕಿ ಊಟ ಬಿಟ್ಟು ತೂಕ ಇಳಿಸುವುದು, ಮನಸ್ಸಿಗೆ ದೊಡ್ಡ ಆಘಾತ. ಇವುಗಳಾದ 2-3 ತಿಂಗಳಿಗೆ ಇಡೀ ತಲೆಯಿಂದ ಗೊಂಚಲು ಗೊಂಚಲಾಗಿ ಉದುರುತ್ತೆ. ಜ್ವರ ಬಂದು ಹೋಗಿದ್ದನ್ನು ಆಗಲೇ ಮರೆತಿರುತ್ತೇವೆ, ಹೊಸ ಶಾಂಪೂವನ್ನು ಬೈಯುತ್ತೇವೆ. ಭಯ ಬೇಡ, ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ 6 ತಿಂಗಳೊಳಗೆ ಉದುರುವುದು ನಿಲ್ಲುತ್ತೆ.

3. ಹೊಟ್ಟು, ತುರಿಕೆ: ತಲೆಹೊಟ್ಟು ಹೆಚ್ಚಾಗಿ ಕೆರೆದುಕೊಂಡರೆ ಕೂದಲು ತುಂಡಾಗುತ್ತೆ, ಉದುರುತ್ತೆ. ಇದು ಸರಿಪಡಿಸಬಹುದಾದದ್ದು.

4. ರೂಪಾಯಿ ನಾಣ್ಯದ ಹಾಗೆ ಗುಂಡಗೆ ಬೋಳಾಗುವುದು: ತಲೆ ಅಥವಾ ಗಡ್ಡದಲ್ಲಿ ನುಣ್ಣಗೆ ಒಂದು ತೇಪೆ. ಹಳ್ಳಿ ಕಡೆ ‘ಹುಳ ತಿಂದಿದೆ’ ಅಂತಾರೆ. ಅಲ್ಲಿ ಹುಳ ಏನೂ ಇರುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬೇರಿನ ಮೇಲೆ ತಿರುಗಿಬಿದ್ದಿರುತ್ತೆ.

ಎರಡನೇ ಮತ್ತು ಮೂರನೇ ಬಗೆಗೆ ಮನೆಯ ಆರೈಕೆ ಚೆನ್ನಾಗಿ ನೆರವಾಗುತ್ತೆ. ಒಂದನೇ ಬಗೆಯಲ್ಲಿ ಇರುವ ಕೂದಲನ್ನು ಚೆನ್ನಾಗಿ ನೋಡಿಕೊಳ್ಳೋಕೆ ಅಷ್ಟೇ ಅದು ಸಹಾಯ. ನಾಲ್ಕನೆಯದನ್ನು ಡಾಕ್ಟರ್‌ಗೆ ತೋರಿಸಬೇಕು.

ಮನೆಮದ್ದುಗಳು: ಒಂದೊಂದಾಗಿ ನೋಡೋಣ

ಕೊಬ್ಬರಿ ಎಣ್ಣೆ: ಇದು ಹೊಸ ಕೂದಲು ಹುಟ್ಟಿಸುವುದಿಲ್ಲ. ಆದರೆ ಇರುವ ಕೂದಲಿನ ಒಳಗೆ ಇಳಿಯುತ್ತೆ, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ತಡೆಯುತ್ತೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಗಿಂತ ಕೊಬ್ಬರಿ ಎಣ್ಣೆಯೇ ಈ ಕೆಲಸದಲ್ಲಿ ಮುಂದಿತ್ತು. ಸ್ನಾನಕ್ಕೆ ಅರ್ಧ-ಒಂದು ಗಂಟೆ ಮೊದಲು ಎರಡು ಚಮಚ ಹಚ್ಚಿದರೆ ಸಾಕು. ತಲೆಹೊಟ್ಟು ಇರುವವರು ಮಾತ್ರ ರಾತ್ರಿಯೆಲ್ಲ ಎಣ್ಣೆ ಬಿಟ್ಟುಕೊಂಡು ಮಲಗಬೇಡಿ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯಂಶವೇ ಆಹಾರ.

ದಾಸವಾಳದ ಸೊಪ್ಪು, ಸೀಗೆಕಾಯಿ: ಮಲೆನಾಡಿನ ಕಡೆ ದಾಸವಾಳದ ಸೊಪ್ಪನ್ನು ಕಿವುಚಿ ಮಾಡುವ ಲೋಳೆಗೆ ‘ಗೊಂಪು’ ಅಂತಾರೆ. ಕೂದಲಿನ ಸಿಕ್ಕು ಬಿಡಿಸಿ ನುಣುಪು ಕೊಡುತ್ತೆ. ಸೀಗೆಕಾಯಿ ಜಿಡ್ಡು ತೆಗೆಯುತ್ತೆ. ಕೂದಲು ತುಂಡಾಗುವುದು ಕಡಿಮೆಯಾಗುತ್ತೆ, ಬೋಳಾದ ಜಾಗದಲ್ಲಿ ಕೂದಲು ಬರುವುದಿಲ್ಲ.

ಮೆಂತ್ಯ: ಎರಡು ಚಮಚ ಮೆಂತ್ಯ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೊಸರಿನ ಜೊತೆ ನುಣ್ಣಗೆ ರುಬ್ಬಿ, 20-30 ನಿಮಿಷ ಹಚ್ಚಿ ತೊಳೆಯಿರಿ. ಒರಟು ಕೂದಲು ಮೆತ್ತಗಾಗುತ್ತೆ. ವಾರಕ್ಕೊಮ್ಮೆ ಸಾಕು.

ಲೋಳೆಸರ: ಎಲೆ ಕೊಯ್ದ ತಕ್ಷಣ ಸುರಿಯುವ ಹಳದಿ ರಸವನ್ನು ಪೂರ್ತಿ ಬಸಿದು, ಒಳಗಿನ ತಿಳಿ ಲೋಳೆಯನ್ನು ಮಾತ್ರ ಬಳಸಿ. ಹಳದಿ ರಸ ಚರ್ಮಕ್ಕೆ ತುರಿಕೆ ತರಬಹುದು.

ಈರುಳ್ಳಿ ರಸ: ಇದರ ಪ್ರಚಾರಕ್ಕೆ ಮೂಲ 2002ರಲ್ಲಿ ಇರಾಕ್‌ನ ಬಾಗ್ದಾದ್‌ನಿಂದ ಬಂದ ಒಂದು ಸಣ್ಣ ಅಧ್ಯಯನ. ಈರುಳ್ಳಿ ರಸ ಹಚ್ಚಿದ 23 ಜನರಲ್ಲಿ 20 ಜನರಿಗೆ 6 ವಾರದಲ್ಲಿ ಕೂದಲು ಬಂದಿತ್ತು. ಆದರೆ ಅವರೆಲ್ಲ ನಾಣ್ಯದಾಕಾರದ ತೇಪೆ ಬೋಳು ಇದ್ದವರು. ಆ ತೇಪೆ ಹಲವರಲ್ಲಿ ತಾನಾಗಿಯೂ ವಾಸಿಯಾಗುತ್ತೆ. ವಂಶದಿಂದ ಬಂದ ಬೋಳುತನಕ್ಕೆ ಈ ಫಲಿತಾಂಶ ಅನ್ವಯಿಸಲ್ಲ. ಉರಿ, ವಾಸನೆ ಬೇರೆ.

ರೋಸ್‌ಮೇರಿ ಎಣ್ಣೆ: 2015ರಲ್ಲಿ ಇರಾನ್‌ನಲ್ಲಿ ವಂಶಪಾರಂಪರ್ಯದ ಬೋಳುತನ ಇದ್ದ 100 ಜನರ ಮೇಲೆ 6 ತಿಂಗಳ ಪರೀಕ್ಷೆ ನಡೆಯಿತು. ಶೇ 2ರ ಮಿನಾಕ್ಸಿಡಿಲ್ ಔಷಧಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆ ಚಿಕ್ಕದು, ಏನೂ ಹಚ್ಚದವರ ಜೊತೆ ಹೋಲಿಸಿ ನೋಡಿಲ್ಲ. ಆದರೂ ಮನೆಮದ್ದುಗಳಲ್ಲಿ ಸ್ವಲ್ಪವಾದರೂ ಆಧಾರ ಇರುವುದು ಇದಕ್ಕೆ. ನೇರವಾಗಿ ಹಚ್ಚಬೇಡಿ, ಎರಡು ಚಮಚ ಕೊಬ್ಬರಿ ಎಣ್ಣೆಗೆ 5-6 ಹನಿ ಬೆರೆಸಿ.

ಸಿಹಿಕುಂಬಳದ ಬೀಜ: 2014ರಲ್ಲಿ ದಕ್ಷಿಣ ಕೊರಿಯಾದಲ್ಲಿ 76 ಗಂಡಸರ ಮೇಲೆ ಪರೀಕ್ಷೆ ಆಗಿದೆ. ದಿನಕ್ಕೆ 400 ಮಿಲಿಗ್ರಾಂ ಬೀಜದೆಣ್ಣೆ 24 ವಾರ ತೆಗೆದುಕೊಂಡವರಲ್ಲಿ ಕೂದಲಿನ ಸಂಖ್ಯೆ ಶೇ 40ರಷ್ಟು ಹೆಚ್ಚಿತ್ತು, ಉಳಿದವರಲ್ಲಿ ಶೇ 10. ಆ ಕ್ಯಾಪ್ಸೂಲಿನಲ್ಲಿ ಬೇರೆ ಪದಾರ್ಥಗಳೂ ಇದ್ದವು. ಬೀಜ ಬಿಸಾಡುವ ಬದಲು ಹುರಿದು ತಿನ್ನಿ, ಕಳೆದುಕೊಳ್ಳುವುದೇನೂ ಇಲ್ಲ.

ಗರುಗದ ಸೊಪ್ಪು, ಕರಿಬೇವು: ಭೃಂಗರಾಜ ಅಂತ ಕರೆಯುವ ಗರುಗದ ಸೊಪ್ಪಿನಿಂದ ಇಲಿಗಳಲ್ಲಿ ಕೂದಲು ಬೆಳೆದದ್ದು ವರದಿಯಾಗಿದೆ. ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತೆ ಅಂತ ಹೇಳೋಕಾಗಲ್ಲ. ಕರಿಬೇವನ್ನು ಎಣ್ಣೆಯಲ್ಲಿ ಕಾಯಿಸುವುದಕ್ಕಿಂತ, ಊಟದ ಎಲೆಯ ಬದಿಗೆ ಸರಿಸದೆ ತಿನ್ನುವುದು ಮೇಲು.

ತಲೆ ನೀವುವುದು: 2016ರಲ್ಲಿ ಜಪಾನ್‌ನಲ್ಲಿ 9 ಗಂಡಸರು ದಿನಕ್ಕೆ 4 ನಿಮಿಷದಂತೆ 24 ವಾರ ತಲೆ ಮಸಾಜ್ ಮಾಡಿಸಿಕೊಂಡಾಗ ಕೂದಲು ಸ್ವಲ್ಪ ದಪ್ಪಗಾಗಿತ್ತು, ಸಂಖ್ಯೆ ಹೆಚ್ಚಲಿಲ್ಲ. ಬೆರಳ ತುದಿಯಲ್ಲಿ ಮೆಲ್ಲಗೆ ಮಾಡಿ. ಉಗುರು ಬೇಡ, ಜೋರಾಗಿ ತಿಕ್ಕುವುದೂ ಬೇಡ.

ಗಮನಿಸಿ: ಹಸಿ ಬೆಳ್ಳುಳ್ಳಿ, ಕಾಳುಮೆಣಸು, ನಿಂಬೆರಸ, ಸುಣ್ಣ ಇವನ್ನು ತಲೆಗೆ ತಿಕ್ಕಬೇಡಿ. ಚರ್ಮ ಸುಟ್ಟು ಗಾಯವಾದರೆ ಆ ಜಾಗದಲ್ಲಿ ಮತ್ತೆ ಕೂದಲು ಬರದೇ ಹೋಗಬಹುದು. ಯಾವುದೇ ಹೊಸ ಮದ್ದನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ.

ತಟ್ಟೆಯಲ್ಲಿರುವ ಮದ್ದು

ಕೂದಲು ಬಹುಪಾಲು ಪ್ರೋಟೀನ್. ಬೆಳಿಗ್ಗೆ ಟೀ-ಬನ್ನು, ಮಧ್ಯಾಹ್ನ ಅನ್ನ-ತಿಳಿಸಾರು ಅಂತ ದಿನ ತಳ್ಳುವವರು ಎಷ್ಟು ಎಣ್ಣೆ ಹಚ್ಚಿದರೂ ಅಷ್ಟೇ. ಹುರುಳಿ, ಹೆಸರುಕಾಳು, ಕಡಲೆ, ಶೇಂಗಾ, ಮೊಟ್ಟೆ, ಮೀನು, ಮೊಸರು ಇವುಗಳಲ್ಲಿ ನಿಮಗೆ ಒಗ್ಗುವುದು ದಿನಾ ಇರಲಿ. ರಾಗಿ, ನುಗ್ಗೆಸೊಪ್ಪು, ಎಳ್ಳು ಜೊತೆಗಿರಲಿ. ಕಬ್ಬಿಣದಂಶ ಮೈಗೆ ಹತ್ತಲು ನಿಂಬೆಹಣ್ಣು, ನೆಲ್ಲಿಕಾಯಿ ನೆರವಾಗುತ್ತೆ. ಊಟದ ಜೊತೆಗೇ ಟೀ-ಕಾಫಿ ಕುಡಿದರೆ ಅದು ಕಡಿಮೆಯಾಗುತ್ತೆ. ಶುದ್ಧ ಸಸ್ಯಾಹಾರಿಗಳು ಬಿ12 ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೇದು.

ಕೊರತೆ ಇಲ್ಲದೆ ‘ಕೂದಲಿನ ಮಾತ್ರೆ’ ನುಂಗುವುದರಿಂದ ಲಾಭ ಇಲ್ಲ. ಬಯೋಟಿನ್ ಹೆಚ್ಚಾದರೆ ಥೈರಾಯ್ಡ್ ಮತ್ತು ಹೃದಯದ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರಬಹುದು. ಸೆಲೆನಿಯಂ ಹೆಚ್ಚಾದರೆ ಕೂದಲೇ ಉದುರುತ್ತೆ. 2025ರ ಜನವರಿ ಹೊತ್ತಿಗೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ದಿಢೀರನೆ ತಲೆ ಬೋಳಾದವರ ರಕ್ತ ಪರೀಕ್ಷಿಸಿದಾಗ ಸೆಲೆನಿಯಂ ಹೆಚ್ಚಾಗಿರುವುದೇ ಕಂಡುಬಂದಿತ್ತು.

ಹೆಲ್ಮೆಟ್, ಬೋರ್‌ವೆಲ್ ನೀರು, ಮುಡಿ: ನಿಜ ಏನು?

ಹೆಲ್ಮೆಟ್‌ನಿಂದ ಬೋಳುತನ ಬರುವುದಿಲ್ಲ. ಬೆವರು, ಕೊಳೆಯಿಂದ ಹೊಟ್ಟು-ತುರಿಕೆ ಹೆಚ್ಚಬಹುದು. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಒಳಪದರ ಆಗಾಗ ತೊಳೆಯಿರಿ. ಕೂದಲಿನ ನೆಪ ಹೇಳಿ ಹೆಲ್ಮೆಟ್ ಬಿಡಬೇಡಿ.

ಬೋರ್‌ವೆಲ್‌ನ ಗಡಸು ನೀರು ಕೂದಲನ್ನು ಒರಟು ಮಾಡುತ್ತೆ, ಸೋಪು ಸರಿಯಾಗಿ ಬಿಡುವುದಿಲ್ಲ. ಬೇರಿಗೆ ತೊಂದರೆ ಇಲ್ಲ. ಕೊನೆಯ ಒಂದು ತಂಬಿಗೆ ಮಳೆನೀರು ಅಥವಾ ಫಿಲ್ಟರ್ ನೀರು ಹಾಕಿಕೊಂಡರೆ ಸಾಕು.

ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೋಗಿ ಮುಡಿ ಕೊಡುವುದು ಹರಕೆಯ ವಿಷಯ. ಬೋಳಿಸಿದ್ದರಿಂದ ಕೂದಲು ದಟ್ಟವಾಗಿ ಬರುವುದಿಲ್ಲ. ತುದಿ ಮೊಂಡಾಗಿರುವುದರಿಂದ ಹಾಗೆ ಅನ್ನಿಸುತ್ತೆ ಅಷ್ಟೆ.

ಬೀಡಿ-ಸಿಗರೇಟಿನ ಚಟ ಇರುವವರಲ್ಲಿ ಬೋಳುತನ ಹೆಚ್ಚು ಕಂಡುಬಂದಿದೆ. ಬಿಡೋಕೆ ಇದೂ ಒಂದು ಕಾರಣ ಆಗಲಿ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಹಣೆ, ನೆತ್ತಿ ತೆಳುವಾಗುತ್ತಿದ್ದರೆ, ಗುಂಡಗೆ ತೇಪೆ ಬಿದ್ದಿದ್ದರೆ, ತಲೆಯಲ್ಲಿ ಕೀವು-ನೋವು ಇದ್ದರೆ, ಅಥವಾ 6 ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತೆ.

ವಂಶಪಾರಂಪರ್ಯದ ಬೋಳುತನಕ್ಕೆ ಗಟ್ಟಿ ಆಧಾರ ಇರುವ ಔಷಧಿ ಮುಖ್ಯವಾಗಿ ಎರಡು. ಒಂದು, ತಲೆಗೆ ಹಚ್ಚುವ ಮಿನಾಕ್ಸಿಡಿಲ್. ಮೊದಲು ಬಿಪಿ ಮಾತ್ರೆಯಾಗಿದ್ದ ಇದು 1988ರಲ್ಲಿ ಅಮೆರಿಕದಲ್ಲಿ ಕೂದಲಿಗೆ ಹಚ್ಚುವ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು, ಹೆದರಿ ಬಿಡಬೇಡಿ. ಫಲ ಕಾಣಲು 4-6 ತಿಂಗಳು ಬೇಕು, ನಿಲ್ಲಿಸಿದರೆ ಬಂದದ್ದು ಹೋಗುತ್ತೆ. ಹೃದಯದ ತೊಂದರೆ ಇರುವವರು ಕೇಳದೆ ಹಚ್ಚಬಾರದು. ಇನ್ನೊಂದು, ಫಿನಾಸ್ಟರೈಡ್ ಮಾತ್ರೆ. ಕೆಲವರಿಗೆ ಲೈಂಗಿಕ ಅಡ್ಡಪರಿಣಾಮ ಆಗಬಹುದು. ಇದನ್ನು ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳಲೇಬಾರದು. ಪುಡಿಯಾದ ಮಾತ್ರೆಯನ್ನು ಮನೆಯ ಗರ್ಭಿಣಿಯರು ಮುಟ್ಟಬಾರದು.

ಎರಡೂ ಇರುವ ಕೂದಲನ್ನು ಉಳಿಸುವುದರಲ್ಲಿ ಚುರುಕು. ನುಣ್ಣಗೆ ಬೋಳಾದ ಮೇಲೆ ಹೋದರೆ ಹೆಚ್ಚೇನೂ ಮಾಡೋಕಾಗಲ್ಲ. ಬೇಗ ಹೋಗಿ ಅನ್ನುವುದು ಇದಕ್ಕೇ. ಕೂದಲು ಕಸಿ ಮಾಡಿಸುವವರು ಬ್ಯೂಟಿ ಪಾರ್ಲರ್ ನಂಬಬೇಡಿ, ಅದನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು.

ಕೊಳ್ಳುವವರಿಗೂ ಅಂಗಡಿಯವರಿಗೂ

ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರ ಗಿಡಮೂಲಿಕೆ ಎಣ್ಣೆ ಮೊಬೈಲ್ ವಿಡಿಯೋಗಳಿಂದ ದೇಶದ ತುಂಬ ಹೆಸರಾಗಿದೆ. ಅದು ಹಲವು ಕುಟುಂಬಗಳ ಹೊಟ್ಟೆಪಾಡು. ಎಣ್ಣೆ ಯಾರದೇ ಇರಲಿ, ದೊಡ್ಡ ಕಂಪನಿಯದೇ ಇರಲಿ, ಕೊಳ್ಳುವಾಗ ಲೇಬಲ್ ನೋಡಿ: ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಎಂಬ ಪಟ್ಟಿ, ಅವಧಿ ಮುಗಿಯುವ ದಿನ. ಬಿಲ್ ಕೇಳಿ ಪಡೆಯಿರಿ.

ಅಂಗಡಿಯವರಿಗೂ ಒಂದು ಮಾತು. ‘ಯಾವ ಎಣ್ಣೆ ಹಾಕಿದ್ರೆ ಕೂದಲು ಬರುತ್ತೆ?’ ಅಂತ ಗಿರಾಕಿ ಕೇಳುವುದು ನಿಮ್ಮನ್ನೇ. ಔಷಧ ನಿಯಮಗಳಲ್ಲಿ, ವಾಸಿ ಮಾಡುತ್ತೇವೆ ಅಂತ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಲ್ಲಿ ಬೋಳುತನವೂ ಇದೆ. ‘ಗ್ಯಾರಂಟಿ’ ಬೋರ್ಡ್ ಹಾಕಿ ಒಂದು ಬಾಟಲಿ ಮಾರುವುದಕ್ಕಿಂತ, ‘ಇದು ಕೂದಲು ತುಂಡಾಗೋದಕ್ಕೆ, ಬೋಳು ತಲೆಗಲ್ಲ’ ಅಂತ ಹೇಳಿದರೆ ಆ ಗಿರಾಕಿ ಮುಂದಿನ ತಿಂಗಳೂ ನಿಮ್ಮ ಅಂಗಡಿಗೇ ಬರುತ್ತಾನೆ.

ಇವತ್ತಿನಿಂದ ಮಾಡಬಹುದಾದದ್ದು

* ಬೆಳಕಿರುವ ಜಾಗದಲ್ಲಿ ಹಣೆ ಮತ್ತು ನೆತ್ತಿಯ ಫೋಟೋ ತೆಗೆದಿಡಿ. ಪ್ರತಿ ತಿಂಗಳು ಅದೇ ಜಾಗದಲ್ಲಿ ಇನ್ನೊಂದು.
* ಕಳೆದ 3-4 ತಿಂಗಳಲ್ಲಿ ಜ್ವರ, ಆಪರೇಷನ್ ಆಗಿತ್ತಾ ನೆನಪಿಸಿಕೊಳ್ಳಿ.
* ಹೊಟ್ಟು ಇದ್ದರೆ ಮೊದಲು ಅದನ್ನು ವಾಸಿ ಮಾಡಿ. ಮೆಡಿಕಲ್‌ನಲ್ಲಿ ಸಿಗುವ ಕೀಟೋಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, 5 ನಿಮಿಷ ಬಿಟ್ಟು ತೊಳೆಯಿರಿ.
* ಮನೆಮದ್ದು ಒಂದೇ ಒಂದು ಆರಿಸಿಕೊಂಡು 3 ತಿಂಗಳು ಮಾಡಿ. ವಾರಕ್ಕೊಂದು ಬದಲಾಯಿಸಿದರೆ ಯಾವುದರ ಫಲವೂ ಗೊತ್ತಾಗಲ್ಲ.
* 3 ತಿಂಗಳಿಗೆ ಫೋಟೋ ಹೋಲಿಸಿ. ನೆತ್ತಿ ಇನ್ನೂ ಅಗಲವಾಗಿದ್ದರೆ ಎಣ್ಣೆ ಬದಲಾಯಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಇಷ್ಟೆಲ್ಲ ಮಾಡಿಯೂ ಕೂದಲು ಹೋದರೆ, ಹೋಗಲಿ ಬಿಡಿ. ಬೋಳುತನ ಕಾಯಿಲೆಯೂ ಅಲ್ಲ, ಯಾರ ತಪ್ಪೂ ಅಲ್ಲ. ಹಾಗಂತ ತಲೆಯ ಮೇಲೆ ಬಿಸಿಲಿಗೆ ಒಂದು ಟೋಪಿ ಇರಲಿ.