ಹೊಕ್ಕುಳಬಳ್ಳಿ

ಗರ್ಭದ ಶಿಶುವನ್ನು ಮಾಸಿಗೆ ಜೋಡಿಸುವ ನಾಳ. ಮನುಷ್ಯರಲ್ಲಿ ಸುಮಾರು 50 ಸೆಂ.ಮೀ. ಉದ್ದ, ಎರಡು ಅಪಧಮನಿ, ಒಂದು ಅಭಿಧಮನಿ. ಹೆರಿಗೆಯ ಬಳಿಕ ಬಿಗಿದು ಕತ್ತರಿಸಿದ ತುಂಡು ಕಪ್ಪಾಗಿ ಒಣಗಿ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಉದುರುತ್ತದೆ. ಅದಕ್ಕೆ ಬೂದಿ, ಸಗಣಿ ಹಚ್ಚಲೇಬಾರದು, ಧನುರ್ವಾಯು ತಗಲುತ್ತದೆ. ಭಾರತದಲ್ಲಿ ನವಜಾತ ಧನುರ್ವಾಯುವಿನ ನಿರ್ಮೂಲನೆ 2015ರಲ್ಲಿ ದೃಢಪಟ್ಟಿತು.

ಕರುವಿನಲ್ಲಿ ಅಭಿಧಮನಿಯೂ ಎರಡು. ಆಕಳು, ಎಮ್ಮೆ ಈದಾಗ ಬಳ್ಳಿ ತಾನಾಗಿಯೇ ಹರಿಯುತ್ತದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಕೊಟ್ಟಿಗೆ, ಕುರಿಹಟ್ಟಿಗಳಲ್ಲಿ ಕಾಳಜಿ ಬೇಕಾದದ್ದು ಇಲ್ಲಿಯೇ. ಜೋತುಬಿದ್ದ ಹಸಿ ತುದಿ ಗಂಜಲದ ನೆಲಕ್ಕೆ ತಾಗಿದರೆ ಹೊಕ್ಕುಳು ಬಾತು ಕೀವಾಗುತ್ತದೆ. ಸೋಂಕು ರಕ್ತಕ್ಕಿಳಿದರೆ ಮೊಣಕಾಲ ಕೀಲು ಊದಿ ಮರಿ ಏಳಲಾರದು. ಹುಟ್ಟಿದ ಕೂಡಲೇ ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಒಣಹುಲ್ಲಿನ ಮೇಲೆ ಮಲಗಿಸಿ, ಗಿಣ್ಣುಹಾಲು ಕುಡಿಸಬೇಕು.