ಆಶ್ರಮವೆಂಬ ಹೋಟೆಲಿನಲ್ಲಿ ಎರಡು ರಾತ್ರಿ

ಅಮೆರಿಕದ ಟೆನೆಸೀ ರಾಜ್ಯದ ರಾಜಧಾನಿ ನ್ಯಾಶ್‌ವಿಲ್. ಅಲ್ಲಿರುವ ಮಗಳನ್ನು ನೋಡಲು ಹೋಗಿದ್ದಾಗ ಅವಳು ನನ್ನನ್ನು ಊರ ನಡುವಿನ ಒಂದು ಹಳೆಯ ಹೋಟೆಲಿನಲ್ಲಿ ಎರಡು ರಾತ್ರಿ ಇಳಿಸಿದಳು. "ಇತಿಹಾಸ ಇತಿಹಾಸ ಅಂತೀರಲ್ಲ, ಅಪ್ಪಾ, ಇಲ್ಲೇ ಮಲಗಿ ನೋಡ್ರಿ" ಎಂದಳು. ಹೋಟೆಲಿನ ಹೆಸರು 'ಹರ್ಮಿಟೇಜ್'. ಕನ್ನಡದಲ್ಲಿ ಹೇಳುವುದಾದರೆ ಆಶ್ರಮ, ಪರ್ಣಕುಟಿ. ಅಮೃತಶಿಲೆಯ ನೆಲ, ಮೇಲೆ ಬಣ್ಣದ ಗಾಜಿನ ಕಮಾನು ಛಾವಣಿ, ಬಾಗಿಲು ತೆರೆಯಲು ಟೊಪ್ಪಿಗೆಯವನು. ಇಂಥ ಪರ್ಣಕುಟಿಯಾದರೆ ಸಂನ್ಯಾಸಕ್ಕೆ ನನ್ನದೇನೂ ಅಡ್ಡಿಯಿಲ್ಲವೆಂದುಕೊಂಡೆ.

ಆ ಹೆಸರು ಬಂದದ್ದು ಋಷಿಗಳಿಂದಲ್ಲ. ಅಮೆರಿಕದ ಏಳನೆಯ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಊರ ಹೊರಗೆ ಕಟ್ಟಿಕೊಂಡ ಜಮೀನುಮನೆಗೆ ಆ ಹೆಸರಿಟ್ಟಿದ್ದ. ಹೋಟೆಲಿನವರು ಅದನ್ನು ಎರವಲು ತಂದರು. ಆ ಆಶ್ರಮದ ಹತ್ತಿಯ ಹೊಲಗಳಲ್ಲಿ ದುಡಿದವರು ಶಿಷ್ಯರಲ್ಲ, ಗುಲಾಮರು. ಫ್ರಾನ್ಸಿನ ರೋನ್ ನದಿಯ ದಂಡೆಯ ಮೇಲೆ ಇದೇ ಹೆಸರಿನ ಗುಡ್ಡವೊಂದಿದೆ. ಧರ್ಮಯುದ್ಧ ಮುಗಿಸಿ ಬೇಸತ್ತ ವೀರನೊಬ್ಬ ಅಲ್ಲಿ ಗುಡಿ ಕಟ್ಟಿಕೊಂಡು ತಪಸ್ಸಿಗೆ ಕುಳಿತನೆಂದು ಐತಿಹ್ಯ. ಆ ಗುಡ್ಡದ ದ್ರಾಕ್ಷಿಯಿಂದ ಮಾಡಿದ ವೈನು ಲೋಕಪ್ರಸಿದ್ಧ. ಇದನ್ನು ನನಗೆ ಹೇಳಿದವಳು ಹೋಟೆಲಿನ ಊಟದ ಮನೆಯಲ್ಲಿ ವೈನು ನೋಡಿಕೊಳ್ಳುವ ಹುಡುಗಿ. ಅವಳ ಕೆಲಸಕ್ಕೆ ಫ್ರೆಂಚರ ಮಾತಿನಲ್ಲಿ 'ಸೊಮೆಲಿಯೆ' ಎನ್ನುತ್ತಾರೆ. ಯಾವ ಅಡಿಗೆಗೆ ಯಾವ ವೈನು, ಯಾವ ವರ್ಷದ್ದು, ಎಷ್ಟು ತಣ್ಣಗೆ, ಯಾವ ಆಕಾರದ ಲೋಟದಲ್ಲಿ ಎಂಬುದೆಲ್ಲ ಒಂದು ಶಾಸ್ತ್ರ. ನಮ್ಮಲ್ಲಿ ಮುಹೂರ್ತ ನೋಡುವವರಿಗಿರುವಷ್ಟು ಗಾಂಭೀರ್ಯ ಆ ಹುಡುಗಿಯ ಮುಖದಲ್ಲಿತ್ತು. ಅವಳು ನನ್ನ ಕೈಗಿಟ್ಟ ಪಟ್ಟಿಯಲ್ಲಿ ದೇಶ, ಸೀಮೆ, ತೋಟ, ವರ್ಷ ಎಂದು ವಿಭಾಗಗಳು. ಚಹಾ ಬಿಟ್ಟರೆ ಬೇರೆ ಪಾನೀಯ ತಿಳಿಯದ ನಾನು ಅದನ್ನು ಪಂಚಾಂಗ ಓದುವಂತೆ ಓದಿದೆ.

ಆ ಪಟ್ಟಿ ಗೋಡೆಯ ಕಲ್ಲಿಗಿಂತ ಎಷ್ಟು ಚಿಕ್ಕ ವಯಸ್ಸಿನದೆಂಬುದು ಮಾತ್ರ ಓದುತ್ತ ಓದುತ್ತ ಹೊಳೆಯಿತು.

ಹೋಟೆಲು ತೆರೆದದ್ದು 1910ರಲ್ಲಿ. ಕಟ್ಟಡದ ನಕ್ಷೆ ಬರೆದವನು ಟೆನೆಸೀಯವನೇ ಆದ ಕಾರ್ಪೆಂಟರ್ ಎಂಬ ವಾಸ್ತುಶಿಲ್ಪಿ. ಸುಮಾರು 250 ಕೋಣೆಗಳು. ಒಂದೊಂದಕ್ಕೂ ಸ್ವಂತ ಸ್ನಾನದ ಮನೆ, ಬಿಸಿನೀರು, ಟೆಲಿಫೋನು, ವಿದ್ಯುತ್ ಪಂಖ. ಬಾಡಿಗೆ ಎರಡು ಡಾಲರಿನಿಂದ ಮೇಲೆ. ಬೆಂಕಿಯ ಭಯವಿಲ್ಲ, ಸದ್ದಿಲ್ಲ, ಧೂಳಿಲ್ಲ ಎಂದು ಜಾಹೀರಾತು. ಇಷ್ಟೆಲ್ಲ ಇದ್ದೂ ಒಂದು ವಸ್ತುವನ್ನು ಮಾತ್ರ ಕಾನೂನಿನ ಪ್ರಕಾರ ಮಾರುವಂತಿರಲಿಲ್ಲ: ಮದ್ಯ.

ಅದಕ್ಕೆ ಕಾರಣವಾದ ಘಟನೆ ಹೋಟೆಲಿನ ಹತ್ತಿರದ ಬೀದಿಯಲ್ಲೇ ನಡೆದದ್ದು. 1908ರ ನವೆಂಬರ್ 9ರಂದು ಎಡ್ವರ್ಡ್ ಕಾರ್ಮ್ಯಾಕ್ ಎಂಬ ಪತ್ರಿಕಾ ಸಂಪಾದಕ ಹಾಡಹಗಲೇ ಗುಂಡಿಗೆ ಬಲಿಯಾದ. ಆತ ಪಾನನಿರೋಧದ ಪರವಾಗಿ ಬೆಂಕಿ ಕಾರುವಂತೆ ಬರೆಯುತ್ತಿದ್ದವನು. ಕೊಂದವರು ರಾಜಕೀಯ ವಿರೋಧಿಗಳು. ಸತ್ತ ಕಾರ್ಮ್ಯಾಕ್ ಬದುಕಿದ್ದ ಕಾರ್ಮ್ಯಾಕನಿಗಿಂತ ಬಲಶಾಲಿಯಾದ. ಮರುವರ್ಷವೇ ಶಾಸನಸಭೆ ರಾಜ್ಯಪಾಲನ ವಿರೋಧವನ್ನೂ ಮೀರಿ ಕಾನೂನು ಮಾಡಿತು: ಯಾವ ಶಾಲೆಯಿಂದಲೂ ನಾಲ್ಕು ಮೈಲಿಯೊಳಗೆ ಮದ್ಯ ಮಾರಕೂಡದು. ಶಾಲೆಯಿಲ್ಲದ ಊರೆಲ್ಲಿದೆ? ಹಾಗೆ ಇಡೀ ರಾಜ್ಯವೇ ಒಣಗಿತು. 1920ರ ಜನವರಿಯಲ್ಲಿ ಇಡೀ ದೇಶಕ್ಕೇ ಪಾನನಿರೋಧ ಬಂತು. 1933ರಲ್ಲಿ ದೇಶ ಅದನ್ನು ಕೈಬಿಟ್ಟರೂ ಟೆನೆಸೀ ಮಾತ್ರ ಬಿಗಿಹಿಡಿಯನ್ನು ನಿಧಾನವಾಗಿ ಸಡಿಲಿಸಿತು. ನ್ಯಾಶ್‌ವಿಲ್ಲಿನ ಹೋಟೆಲುಗಳು ಲೋಟದ ಲೆಕ್ಕದಲ್ಲಿ ಮದ್ಯ ಮಾರಲು ಅನುಮತಿ ದೊರೆತದ್ದು 1967ರಲ್ಲಿ. ಕಿರಾಣಿ ಅಂಗಡಿಗಳಲ್ಲಿ ವೈನು ಮಾರಾಟಕ್ಕೆ ಬಂದದ್ದಂತೂ 2016ರಲ್ಲಿ!

ಹಾಗಾದರೆ 1967ಕ್ಕೆ ಮೊದಲು ಈ ಗೋಡೆಗಳ ನಡುವೆ ಯಾರೂ ಕುಡಿಯಲಿಲ್ಲವೇ? ಕುಡಿದರು. ಎಲ್ಲಕ್ಕಿಂತ ಹೆಚ್ಚು ಕುಡಿದದ್ದು 1920ರ ಆಗಸ್ಟಿನಲ್ಲಿ. ಆ ಕುಡಿತದ ಕಥೆಗಾಗಿಯೇ ಇಂದು ಈ ಹೋಟೆಲು ಇತಿಹಾಸದ ಪುಸ್ತಕಗಳಲ್ಲಿದೆ.

ಅಮೆರಿಕದ ಹೆಂಗಸರಿಗೆ ಮತಾಧಿಕಾರ ಕೊಡುವ ತಿದ್ದುಪಡಿಗೆ ಆಗಿನ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು. 35 ಒಪ್ಪಿದ್ದವು. ಮೂವತ್ತಾರನೆಯದು ಟೆನೆಸೀ ಆಗಬಹುದೆಂಬ ನಿರೀಕ್ಷೆ. ಶಾಸನಸಭೆಯ ವಿಶೇಷ ಅಧಿವೇಶನ ಆಗಸ್ಟ್ 9ರಂದು ಸೇರಿತು. ಸಭಾಭವನವಿರುವ ಗುಡ್ಡಕ್ಕೂ ಈ ಹೋಟೆಲಿಗೂ ನಡೆದರೆ ಐದು ನಿಮಿಷ. ಆದ್ದರಿಂದ ಎರಡು ಪಕ್ಷದವರೂ ಇಲ್ಲಿಯೇ ಬೀಡುಬಿಟ್ಟರು. ಮತಾಧಿಕಾರದ ಪಕ್ಷದ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಜುಲೈಯಿಂದಲೇ ಇಲ್ಲಿ ಕೋಣೆ ಹಿಡಿದಿದ್ದಳು. ವಿರೋಧಪಕ್ಷದ ನಾಯಕಿ ಜೋಸೆಫೀನ್ ಪಿಯರ್ಸನ್ ಇದೇ ಹೋಟೆಲಿನಲ್ಲಿ ಕಚೇರಿ ತೆರೆದಳು. ಪರವಾದವರ ಎದೆಯ ಮೇಲೆ ಹಳದಿ ಗುಲಾಬಿ, ವಿರೋಧಿಗಳ ಎದೆಯ ಮೇಲೆ ಕೆಂಪು. ಒಂದೇ ಹಜಾರದಲ್ಲಿ ಎರಡೂ ಹೂಗಳು ಎದುರುಬದುರಾಗುತ್ತಿದ್ದವು.

ಎಂಟನೆಯ ಅಂತಸ್ತಿನಲ್ಲಿ ಒಂದು ಕೋಣೆಯಿತ್ತು. ಅದನ್ನು ಜನ ಒಂದು ವಿಸ್ಕಿಯ ಹೆಸರಿನಿಂದ 'ಜ್ಯಾಕ್ ಡೇನಿಯಲ್ಸ್ ಕೋಣೆ' ಎಂದೇ ಕರೆದರು. ರಾಜ್ಯದ ಕಾನೂನೂ ದೇಶದ ಕಾನೂನೂ ಮದ್ಯವನ್ನು ನಿಷೇಧಿಸಿದ್ದ ಆ ಕಾಲದಲ್ಲಿ ಅಲ್ಲಿ ಹಗಲಿರುಳೂ ಶಾಸಕರಿಗೆ ಪುಕ್ಕಟೆ ಮದ್ಯ ದೊರೆಯುತ್ತಿತ್ತು. ಸುರಿದವರು ಮತಾಧಿಕಾರದ ವಿರೋಧಿಗಳು. ಹೆಂಗಸರಿಗೆ ಮತ ಬಂದರೆ ಪಾನನಿರೋಧ ಎಂದೆಂದಿಗೂ ಸಡಿಲವಾಗದೆಂದು ಮದ್ಯದ ವ್ಯಾಪಾರಿಗಳಿಗೆ ಹೆದರಿಕೆ. ಗಂಡನ ಕುಡಿತದಿಂದ ಒಲೆ ಉರಿಯದ ಮನೆಗಳ ಹೆಂಗಸರು 1870ರ ದಶಕದಿಂದಲೂ ಸಂಘ ಕಟ್ಟಿ ಹೋರಾಡಿದ್ದರು. ಮತ ಬಂದರೆ ಆ ಹೋರಾಟಕ್ಕೆ ಕೈ ಬರುತ್ತದೆಂಬ ಲೆಕ್ಕ ತಪ್ಪೇನಲ್ಲ. ಶಾಸನ ಮಾಡಬೇಕಾದವರು ತೂರಾಡುತ್ತ ಹಜಾರಗಳಲ್ಲಿ ಅಲೆದ ಆ ರಾತ್ರಿಗಳನ್ನು ಕ್ಯಾಟ್ ಮೂರು ವರ್ಷಗಳ ತರುವಾಯ ತನ್ನ ಪುಸ್ತಕದಲ್ಲಿ ದಾಖಲಿಸಿದಳು.

ಆಗಸ್ಟ್ 18ರಂದು ಕೆಳಮನೆಯಲ್ಲಿ ಮತದಾನ. ವಿಷಯವನ್ನೇ ಬದಿಗಿಡಬೇಕೆಂಬ ಸೂಚನೆಗೆ 48 ಪರ, 48 ವಿರೋಧ. ಮತ್ತೆ ಎಣಿಸಿದರೂ ಅಷ್ಟೇ. ಹಾಗಾದರೆ ತಿದ್ದುಪಡಿಗೇ ಮತ ಹಾಕಬೇಕಾಯಿತು. ಹ್ಯಾರಿ ಬರ್ನ್ ಎಂಬ 24 ವರ್ಷದ ಹುಡುಗ, ಸಭೆಯಲ್ಲಿ ಎಲ್ಲರಿಗಿಂತ ಕಿರಿಯ, ಎದೆಯ ಮೇಲೆ ಕೆಂಪು ಗುಲಾಬಿ. ಎರಡು ಸಾರಿಯೂ ವಿರೋಧಿಗಳ ಜೊತೆಗಿದ್ದವನು ಈಗ ಥಟ್ಟನೆ 'ಹೌದು' ಎಂದುಬಿಟ್ಟ. 49ಕ್ಕೆ 47. ಹೋಟೆಲಿನ ಕೋಣೆಯಲ್ಲಿ ಕುಳಿತಿದ್ದ ಕ್ಯಾಟ್‌ಳಿಗೆ ಕಿಟಕಿಯಿಂದ ಗುಡ್ಡದ ಮೇಲಿನ ಜಯಘೋಷ ಕೇಳಿತಂತೆ.

ಹುಡುಗನ ಜೇಬಿನಲ್ಲಿ ತಾಯಿಯ ಪತ್ರವಿತ್ತು. ಹಳ್ಳಿಯ ಜಮೀನು ನೋಡಿಕೊಂಡಿದ್ದ ವಿಧವೆ ಫೆಬ್ ಬರ್ನ್, ಊರಿನ ಸುದ್ದಿಗಳ ನಡುವೆ, ಮತಾಧಿಕಾರದ ಪರ ಮತ ಹಾಕು, ಕ್ಯಾಟ್‌ಳಿಗೆ ನೆರವಾಗು ಎಂದು ಬರೆದಿದ್ದಳು. ಮರುದಿನ ಮಗ ಸಭೆಯಲ್ಲಿ ಎದ್ದುನಿಂತು, ತಾಯಿಯ ಮಾತು ಕೇಳುವುದೇ ಮಗನಿಗೆ ಕ್ಷೇಮವೆಂದು ಹೇಳಿಕೊಂಡ.

ಈ ಕಥೆಯನ್ನು ಅನೇಕರು ಕೇಳಿರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ಅರ್ಧ. ಸೋತ ಜೋಸೆಫೀನ್ ಪಿಯರ್ಸನ್ ಕೂಡ ತಾಯಿಯ ಮಾತನ್ನೇ ನಡೆಸಿದ್ದಳು. ಮತಾಧಿಕಾರ ಎಂದಾದರೂ ಟೆನೆಸೀಗೆ ಬಂದರೆ ಅದನ್ನು ಎದುರಿಸುತ್ತೇನೆಂದು ಸಾಯುವ ತಾಯಿಗೆ ಅವಳು ಭಾಷೆ ಕೊಟ್ಟಿದ್ದಳು. ಓದಿದವಳು, ಕಾಲೇಜಿನಲ್ಲಿ ಕಲಿಸಿದವಳು. ಕೊಟ್ಟ ಭಾಷೆಗೆ ತಪ್ಪಲಿಲ್ಲ. ಒಂದೇ ಸೂರಿನಡಿ ಇಬ್ಬರು ತಾಯಂದಿರ ಮಾತು ಕಾದಾಡಿದವು. ಇಬ್ಬರ ಮಕ್ಕಳೂ ವಿಧೇಯರೇ. ಹಾಗಾದರೆ ಗೆದ್ದದ್ದು ವಿಧೇಯತೆಯಲ್ಲ. ಒಬ್ಬ ತಾಯಿ ಮುಂದಿನವರಿಗಾಗಿ ಕದ ತೆರೆ ಎಂದಳು, ಇನ್ನೊಬ್ಬಳು ಹಾಕು ಎಂದಳು.

ತೆರೆದ ಕದವೂ ಎಲ್ಲರಿಗೂ ತೆರೆಯಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಫ್ರ್ಯಾಂಕಿ ಪಿಯರ್ಸ್ ಎಂಬ ಕರಿಯ ಜನಾಂಗದ ಮುಖಂಡಳು ಆ ಗುಡ್ಡದ ಮೇಲಿನ ಸಭಾಭವನದಲ್ಲೇ ನಿಂತು ತನ್ನವರ ಪಾಲನ್ನು ಕೇಳಿದ್ದಳು. ತಿದ್ದುಪಡಿ ಬಂದ ಮೇಲೂ ದಕ್ಷಿಣದ ರಾಜ್ಯಗಳಲ್ಲಿ ಅವಳ ಜನಾಂಗದ ಲಕ್ಷಾಂತರ ಹೆಂಗಸರು ತೆರಿಗೆ, ಪರೀಕ್ಷೆ, ಬೆದರಿಕೆಗಳ ಬೇಲಿ ದಾಟಲು 1965ರ ಕಾನೂನಿನವರೆಗೆ ಕಾಯಬೇಕಾಯಿತು. ಹೋಟೆಲಿನಿಂದ ಒಂದು ಬೀದಿ ಆಚೆಗೆ ಐದನೆಯ ಅವೆನ್ಯೂ ಇದೆ. 1960ರ ಫೆಬ್ರವರಿ 13ರಂದು ಕರಿಯ ವಿದ್ಯಾರ್ಥಿಗಳು ಅಲ್ಲಿನ ಅಂಗಡಿಗಳ ಊಟದ ಕಟ್ಟೆಯ ಮುಂದೆ ಸುಮ್ಮನೆ ಕುಳಿತರು. ಬಡಿಸಲಿಲ್ಲ, ಎದ್ದುಹೋಗಲಿಲ್ಲ. ಏಟು ತಿಂದರು, ಜೈಲಿಗೆ ಹೋದರು. ಮೇ 10ರಂದು ಆ ಕಟ್ಟೆಗಳಲ್ಲಿ ಅವರಿಗೆ ಊಟ ಬಡಿಸಲಾಯಿತು. ಊರ ನಡುವಣ ಹೋಟೆಲಿನ ಚರಿತ್ರೆಯನ್ನು ಅದರ ಅಮೃತಶಿಲೆಯಲ್ಲಿ ಹುಡುಕಬಾರದು. ಯಾರನ್ನು ಕೂರಿಸಿದರು, ಯಾರಿಗೆ ಏನು ಸುರಿದರು, ಏಕೆ ಸುರಿದರು ಎಂಬುದರಲ್ಲಿ ಹುಡುಕಬೇಕು.

ಹೋಟೆಲೇ ಒಮ್ಮೆ ಸಾಯುವುದರಲ್ಲಿತ್ತು. 1977ರಲ್ಲಿ ಬಾಗಿಲು ಮುಚ್ಚಿ, ಜೀರ್ಣೋದ್ಧಾರವಾಗಿ 1981ರಲ್ಲಿ ತೆರೆಯಿತು. 2020ರಲ್ಲಿ, ಆ ಮತದಾನಕ್ಕೆ ನೂರು ವರ್ಷ ತುಂಬಿದಾಗ, ರಾಷ್ಟ್ರೀಯ ಸ್ಮಾರಕವೆಂದು ಮನ್ನಣೆ ಪಡೆಯಿತು.

ಇನ್ನು ನನ್ನ ಸ್ವಂತದ ಮಾತು. ಎರಡನೆಯ ರಾತ್ರಿ ಊಟಕ್ಕೆ ಕುಳಿತಾಗ ಮಗಳು ಆ ಹುಡುಗಿಯನ್ನು ಕರೆದು, ಏನೇನೋ ವಿಚಾರಿಸಿ, ಒಂದು ಲೋಟ ಕೆಂಪು ವೈನು ತರಹೇಳಿದಳು. ನನ್ನೆದುರು ಅವಳು ಹಾಗೆ ಮಾಡಿದ್ದು ಅದೇ ಮೊದಲು. "ನಿಮಗೇನ ಹೇಳ್ಲಿ, ಅಪ್ಪಾ?" ಎಂದಳು, ದನಿಯಲ್ಲಿ ತುಸು ನಡುಕವಿತ್ತು. "ನನಗ ಒಂದು ಕಪ್ ಚಹಾ ಸಾಕವಾ" ಎಂದೆ.

ನಾನು ಹುಟ್ಟಿದ ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1949ರ ಪಾನನಿರೋಧ ಕಾನೂನಿನ ನೆರಳಿನಲ್ಲಿ ಬೆಳೆದವನು ನಾನು. ಕಾಲೇಜಿಗೆಂದು ಪುಣೆಗೆ ಹೊರಟಾಗ ಅವ್ವ ದೇವರ ಮುಂದೆ ನಿಲ್ಲಿಸಿ, ಕುಡಿಯುವುದಿಲ್ಲವೆಂದು ಭಾಷೆ ತೆಗೆದುಕೊಂಡಿದ್ದಳು. ಅವಳ ತವರಿನಲ್ಲಿ ಕುಡಿತದಿಂದ ಒಂದು ಮನೆತನವೇ ಅಳಿದಿತ್ತು. ಆ ಭಾಷೆಯನ್ನು ನಾನು ಮುರಿದಿಲ್ಲ. ಅದೇ ಅವ್ವ ಇನ್ನೊಂದು ಕೆಲಸ ಮಾಡಿದ್ದಳು. ಮುಂಬಯಿ ಪ್ರಾಂತ್ಯದ ಶಾಸನಸಭೆ 1921ರಲ್ಲೇ ಹೆಂಗಸರಿಗೆ ಮತ ಕೊಡಲು ಒಪ್ಪಿತ್ತಾದರೂ ಅದು ಆಸ್ತಿಯಿದ್ದವರಿಗೆ. ನಮ್ಮಂಥ ಮನೆಗಳಿಗೆ ಅದು ಬಂದದ್ದು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ, 1951-52ರಲ್ಲಿ. ಮತದಾರರ ಪಟ್ಟಿ ಬರೆಯುವವರು ಬಂದಾಗ ದೇಶದ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಹೇಳಿದರು. ಹಾಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ನಮ್ಮ ಮನೆಯಲ್ಲೂ ಅಜ್ಜ ಹೊರಗಿನ ಕಟ್ಟೆಯಿಂದಲೇ "ನಮ್ಮ ಸೊಸಿ ಅಂತ ಬರಕೋರಿ" ಎಂದರಂತೆ. ಒಳಗಿನಿಂದ ಅವ್ವ ತನ್ನ ಹೆಸರನ್ನು ಬೀದಿಗೆ ಕೇಳುವಂತೆ ಹೇಳಿದಳಂತೆ. ಮಾವನೆದುರು ಅವಳು ದನಿ ಎತ್ತಿದ್ದು ಅದೊಂದೇ ಸಲ ಎಂದು ಸೋದರತ್ತೆ ಹೇಳುತ್ತಿದ್ದಳು.

ಕೊಟ್ಟ ಭಾಷೆ ನನ್ನದು, ಮಗಳದ್ದಲ್ಲ. ಮಗಳಿಗೆ ಅವ್ವನಿಂದ ಬಂದದ್ದು ಆ ದನಿ. ಇದು ಹೊಳೆಯಲು ನನಗೆ ಇಷ್ಟು ದೂರ ಬಂದು ಎರಡು ರಾತ್ರಿ ಮಲಗಬೇಕಾಯಿತು. ಲೋಟ ಬಂತು. ನಾನು ಅಜ್ಜಿಯ ಆ ಕಥೆ ಹೇಳಿದೆ. ಅವಳು ಅದನ್ನು ಮೊದಲು ಕೇಳಿರಲಿಲ್ಲ. ಲೋಟ ಮುಟ್ಟದೆ ಕೊನೆಯವರೆಗೂ ಕೇಳಿದಳು. ಆಮೇಲೆ ನಿಧಾನವಾಗಿ ಕುಡಿದಳು. ನನ್ನ ಚಹಾ ಆರಿಹೋಗಿತ್ತು.

ಬಿಲ್ಲು ತಂದವನು ಅಭ್ಯಾಸಬಲದಿಂದ ಅದನ್ನು ನನ್ನ ಮುಂದಿಟ್ಟ. ಮಗಳು ಕೈಚಾಚಿ ತನ್ನ ಕಡೆ ಎಳೆದುಕೊಂಡು ಸಹಿ ಹಾಕಿದಳು, ಪೂರ್ತಿ ಹೆಸರು.