ಮರದ ಮೆಟ್ಟಿಲೂ ಬಡಗಿಯ ಮೂಲೆಮಟ್ಟವೂ

ಅಮೆರಿಕದ ಸಾಧಾರಣ ಗೃಹಸ್ಥರ ಮನೆಗಳ ಹಿಂಬದಿಯಲ್ಲಿ, ಹಿತ್ತಿಲಿನತ್ತ ಚಾಚಿಕೊಂಡಿರುವ ಮರದ ಜಗಲಿಯನ್ನು ಡೆಕ್ ಎಂದು ಕರೆಯುವರು. ಅಲ್ಲಿಂದ ಹುಲ್ಲುನೆಲಕ್ಕೆ ಇಳಿಯಲು ಐದಾರು ಮೆಟ್ಟಿಲುಗಳಿದ್ದರೆ ಸಾಕು. ಆ ಮೆಟ್ಟಿಲುಗಳಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಕಾಲಿಡುವ ಅಡ್ಡಹಲಗೆಗಳಷ್ಟೆ. ಅವುಗಳ ಭಾರವನ್ನೆಲ್ಲ ಹೊರುವುದಾದರೋ, ಅಡಿಯಲ್ಲಿ ಓರೆಯಾಗಿ ನಿಂತು, ಗರಗಸದ ಹಲ್ಲುಗಳಂತೆ ಸಾಲಾಗಿ ಕಚ್ಚು ಕಡಿಸಿಕೊಂಡಿರುವ ದಪ್ಪ ಹಲಗೆಗಳು. ಸ್ಟ್ರಿಂಗರ್ ಎಂದು ಬಡಗಿಗಳು ಕರೆಯುವ ಈ ಹಲಗೆ ಒಂದೇ ಇದ್ದರೆ ಸಾಲದು. ಮೆಟ್ಟಿಲು ಅಗಲವಾದಷ್ಟೂ ಮೂರು, ನಾಲ್ಕು, ಐದು ಬೇಕಾಗುವುವು, ಮತ್ತು ಅವೆಲ್ಲವೂ ಕಚ್ಚಿಗೆ ಕಚ್ಚು ಸಮವಾಗಿರಬೇಕಾಗುವುದು. ಒಂದು ಕಚ್ಚು ಎತ್ತರವಾದರೆ ಹಲಗೆ ಅಲುಗಾಡುವುದು. ಒಂದು ಮೆಟ್ಟಿಲು ಕುಳ್ಳಾದರೆ ಇಳಿಯುವವನು ಮುಗ್ಗರಿಸುವನು. ಹಲವು ಹಲಗೆಗಳನ್ನು ಬೇಗನೆ, ಆದರೂ ಏಕರೂಪವಾಗಿ ಕೊಯ್ಯುವುದು ಹೇಗೆಂಬ ಈ ಅಲ್ಪವೆಂದು ತೋರುವ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವುಂಟು.

ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನು ತನ್ನ ಗ್ರಂಥದ ಒಂಬತ್ತನೆಯ ಸಂಪುಟದ ಪೀಠಿಕೆಯಲ್ಲಿ, ಮೂರು, ನಾಲ್ಕು, ಐದು ಅಳತೆಯ ಭುಜಗಳಿಂದ ಲಂಬಕೋನ ತ್ರಿಭುಜವಾಗುವುದೆಂಬ ಪೈಥಾಗೊರಸನ ತತ್ತ್ವವನ್ನು ಹೇಳಿ, ಅದು ಮೆಟ್ಟಿಲು ಕಟ್ಟುವವನಿಗೆ ಹೇಗೆ ಉಪಯುಕ್ತವೆಂಬುದನ್ನು ವಿವರಿಸಿರುವನು: ಮಹಡಿಯ ಎತ್ತರವನ್ನು ಮೂರು ಭಾಗ ಮಾಡಿದರೆ, ಅಂಥ ನಾಲ್ಕು ಭಾಗಗಳಷ್ಟು ದೂರದಲ್ಲಿ ಓರೆಹಲಗೆಯ ಬುಡವನ್ನೂರಬೇಕು, ಹಲಗೆಯ ಉದ್ದ ಐದು ಭಾಗವಾಗಬೇಕು. ದೇವಾಲಯದ ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂದೂ, ಹಾಗಿದ್ದಲ್ಲಿ ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟವನು ಮೇಲೆ ತಲಪುವಾಗಲೂ ಬಲಗಾಲನ್ನೇ ಇಡುವನೆಂದೂ ಆತ ಬೇರೊಂದೆಡೆ ಹೇಳಿರುವನು. ಬಲಗಾಲಿಟ್ಟು ಒಳಗೆ ಬರುವ ಆಚಾರವನ್ನು ಬಲ್ಲ ನಮ್ಮವರಿಗೆ ಈ ಮಾತು ಹೊಸದಾಗಿ ಕಾಣದು. ಮುಖ್ಯವಾದುದೇನೆಂದರೆ, ಮೆಟ್ಟಿಲೆಂಬುದು ಒಂದು ತ್ರಿಭುಜದ ಪುನರಾವರ್ತನೆಯೆಂಬ ಅರಿವು ಅಷ್ಟು ಹಿಂದೆಯೇ ಕೆಲಸಗಾರನ ಕೈಗೆ ಬಂದಿದ್ದಿತು.

ಆ ತ್ರಿಭುಜದ ಪ್ರಮಾಣವೇನಿರಬೇಕೆಂಬುದನ್ನು ಮನುಷ್ಯನ ನಡಿಗೆಯಿಂದಲೇ ಅಳೆದು ಹೇಳಿದವನು ಫ್ರಾನ್ಸಿನ ಫ್ರಾನ್ಸ್ವಾ ಬ್ಲೊಂಡೆಲ್. 1671ರಲ್ಲಿ ಸ್ಥಾಪಿತವಾದ, ರಾಜಾಶ್ರಯದ ವಾಸ್ತು ಅಕಾಡೆಮಿಯ ಮುಖ್ಯಸ್ಥನಾಗಿದ್ದ ಆತನ ಮತದಂತೆ, ಸಮತಲದಲ್ಲಿ ನಡೆಯುವವನ ಒಂದು ಹೆಜ್ಜೆ 24 ಅಂಗುಲ. ಕಾಲನ್ನು ಒಂದು ಅಂಗುಲ ಮೇಲೆತ್ತುವ ಶ್ರಮ ಎರಡು ಅಂಗುಲ ಮುಂದೆ ನಡೆದ ಶ್ರಮಕ್ಕೆ ಸಮ. ಆದುದರಿಂದ ಮೆಟ್ಟಿಲಿನ ಎತ್ತರದ ಇಮ್ಮಡಿಯನ್ನು ಅದರ ಅಗಲಕ್ಕೆ, ಎಂದರೆ ಕಾಲಿಡುವ ಜಾಗದ ಮುಂದುಹಿಂದಿನ ಅಳತೆಗೆ, ಕೂಡಿದರೆ 24 ಅಂಗುಲವಾಗಬೇಕು. ಫ್ರಾನ್ಸಿನ ಅಂದಿನ ಅಂಗುಲ ಇಂದಿನದಕ್ಕಿಂತ ತುಸು ದೊಡ್ಡದಾದರೂ, ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಈ ಸೂತ್ರ ಇಂದಿಗೂ ಬಡಗಿಗಳ ಬಾಯಲ್ಲಿ ನಿಂತಿದೆ.

ಸೂತ್ರವನ್ನು ತಿಳಿಯುವುದು ಬೇರೆ, ಅದನ್ನು ಹತ್ತು ಬಾರಿ ತಪ್ಪದೆ ಹಲಗೆಯ ಮೇಲೆ ಬರೆಯುವುದು ಬೇರೆ. ಈ ಎರಡನೆಯ ಕಾರ್ಯಕ್ಕೆ ಇಂಗ್ಲೆಂಡಿನ ಮರಗೆಲಸದವರು ಎರಡು ಸರಳ ಸಾಧನಗಳನ್ನು ಬಳಸುತ್ತಿದ್ದರು. ಮೊದಲನೆಯದು ಅಳತೆಗೋಲು: ಕೆಳನೆಲದಿಂದ ಮೇಲ್ನೆಲದವರೆಗಿನ ಪೂರ್ಣ ಎತ್ತರವನ್ನು ಒಂದು ಕಡ್ಡಿಯ ಮೇಲೆ ಗುರುತಿಸಿ, ಆ ಉದ್ದವು ಶೇಷವಿಲ್ಲದೆ ಸಮಭಾಗವಾಗುವವರೆಗೆ ಕೈವಾರವನ್ನು ಹಿಗ್ಗಿಸುತ್ತಲೋ ಕುಗ್ಗಿಸುತ್ತಲೋ ನಡೆಯಿಸುವುದು. ಅಂಕಗಣಿತ ಬಾರದವನಿಗೂ ಇದರಿಂದ ಭಾಗಾಕಾರ ಸಾಧ್ಯವಾಗುತ್ತಿದ್ದಿತು. ಎರಡನೆಯದು, ಹಾಗೆ ದೊರೆತ ಎತ್ತರವನ್ನೂ ಮೆಟ್ಟಿಲಿನ ಅಗಲವನ್ನೂ ಎರಡು ಭುಜಗಳಾಗಿ ಉಳ್ಳ, ತೆಳುಹಲಗೆಯಲ್ಲಿ ಕೊಯ್ದ ತ್ರಿಕೋನದ ಅಚ್ಚು. ಅದನ್ನು ಓರೆಹಲಗೆಯ ಅಂಚಿಗೆ ಒತ್ತಿ ಜರುಗಿಸುತ್ತ ಹೋದರೆ ಗೆರೆಗಳು ತಾವಾಗಿ ಮೂಡುತ್ತಿದ್ದುವು. ಸ್ಕಾಟ್ಲೆಂಡಿನಲ್ಲಿ 1765ರಲ್ಲಿ ಹುಟ್ಟಿ, ಮರಗೆಲಸವನ್ನೇ ಕಲಿತು, ಅನಂತರ ಲೇಖಕನಾದ ಪೀಟರ್ ನಿಕಲ್ಸನ್ 1792ರಿಂದ ಮುಂದೆ ಪ್ರಕಟಿಸಿದ ಗ್ರಂಥಗಳು ಇಂಥ ಕೈಚಳಕಗಳನ್ನು ರೇಖಾಗಣಿತದ ತಳಹದಿಯ ಮೇಲೆ ನಿಲ್ಲಿಸಿದುವು. ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಸಾಗುತ್ತಿದ್ದ ವಿದ್ಯೆ ಅಚ್ಚಿನ ಪುಟಕ್ಕೆ ಬಂದುದು ಸಣ್ಣ ಸಂಗತಿಯಲ್ಲ. ಅಟ್ಲಾಂಟಿಕದ ಆಚೆ ಆಶರ್ ಬೆಂಜಮಿನ್ 1797ರಲ್ಲಿ ಮ್ಯಾಸಚೂಸೆಟ್ಸಿನ ಗ್ರೀನ್‌ಫೀಲ್ಡಿನಿಂದ ಹಳ್ಳಿಯ ಕಟ್ಟುಗಾರರಿಗಾಗಿ ಹೊರತಂದ ಪುಸ್ತಕವೂ ಇದೇ ಕಾರ್ಯವನ್ನು ಅಲ್ಲಿ ಮಾಡಿತು.

ಪುಸ್ತಕಕ್ಕಿಂತಲೂ ದೂರ ಹೋದುದು ಒಂದು ಉಕ್ಕಿನ ಉಪಕರಣ. ವರ್ಮಾಂಟಿನ ಶಾಫ್ಟ್ಸ್‌ಬರಿಯಲ್ಲಿ ಸೈಲಾಸ್ ಹಾಸ್ ಎಂಬ ಕಮ್ಮಾರನು, 1814ರ ಸುಮಾರಿಗೆ, ಸವೆದ ಗರಗಸದ ಅಲಗುಗಳನ್ನು ಲಂಬಕೋನದಲ್ಲಿ ಬೆಸೆದು ದೊಡ್ಡ ಮೂಲೆಮಟ್ಟಗಳನ್ನು ಮಾಡತೊಡಗಿದನು. 1819ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದನು. ಆ ಊರಿನಲ್ಲಿ ಬೆಳೆದ ಮೂಲೆಮಟ್ಟದ ಉದ್ಯಮವು ಅಮೆರಿಕದ ಬಡಗಿಗಳ ಪೆಟ್ಟಿಗೆಯನ್ನು ತುಂಬಿತು. ಒಂದು ತೋಳು 24 ಅಂಗುಲ, ಇನ್ನೊಂದು 16 ಅಂಗುಲವಿರುವ ಈ ಮಟ್ಟದ ಮೇಲೆ, ಒಂದು ತೋಳಿನಲ್ಲಿ ಮೆಟ್ಟಿಲಿನ ಎತ್ತರವನ್ನೂ ಇನ್ನೊಂದರಲ್ಲಿ ಅಗಲವನ್ನೂ ಹಿಡಿದು, ಆ ಎರಡು ಅಂಕಗಳನ್ನು ಹಲಗೆಯ ಅಂಚಿಗೆ ತಾಗಿಸಿದರೆ, ಬೇರೆ ಅಚ್ಚೇ ಬೇಡ, ಮಟ್ಟವೇ ತ್ರಿಕೋನವಾಗುವುದು. ಅಂಕಗಳು ಜಾರದಂತೆ ಎರಡು ಪುಟ್ಟ ತಿರುಪಿನ ಹಿಡಿಕೆಗಳನ್ನು ಬಿಗಿಯುವ ಉಪಾಯವೂ ಬಳಕೆಗೆ ಬಂದಿತು. ಪ್ರತಿಯೊಂದು ಕೆಲಸಕ್ಕೂ ಹೊಸದಾಗಿ ಕೊಯ್ಯಬೇಕಾಗಿದ್ದ ಮರದ ತ್ರಿಕೋನದ ಸ್ಥಾನದಲ್ಲಿ ಎಲ್ಲ ತ್ರಿಕೋನಗಳನ್ನೂ ತನ್ನೊಳಗೆ ಇಟ್ಟುಕೊಂಡ ಉಕ್ಕಿನ ತ್ರಿಕೋನ ಬಂದಿತೆನ್ನಬಹುದು.

ಇದೇ ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಶಿಕಾಗೋ ನಗರದಲ್ಲಿ, ಭಾರಿ ತೊಲೆಗಳನ್ನು ಬಿಟ್ಟು ತೆಳುವಾದ ಕೊಯ್ದ ಮರಗಳನ್ನು ಮೊಳೆ ಹೊಡೆದು ಕೂಡಿಸುವ ಗೃಹನಿರ್ಮಾಣ ಕ್ರಮ ಹಬ್ಬಿತು. ಅದರೊಡನೆ ಮೆಟ್ಟಿಲಿನ ಕೆಲಸವೂ ಇಬ್ಭಾಗವಾಯಿತು. ದಿವಾನಖಾನೆಯ ಮೆಟ್ಟಿಲನ್ನು, ಪಕ್ಕದ ಹಲಗೆಯೊಳಗೆ ತೋಡು ತೆಗೆದು ಅಡ್ಡಹಲಗೆಗಳನ್ನು ಸೇರಿಸಿ ಬೆಣೆ ಹೊಡೆದು ಕೂರಿಸುವ ನಿಪುಣನು ಒಬ್ಬ. ನೆಲಮಾಳಿಗೆಗೂ ಹಿತ್ತಿಲಿಗೂ ಇಳಿಯುವ ಮೆಟ್ಟಿಲನ್ನು, ಹಲಗೆಗೆ ಕಚ್ಚು ಕಡಿದು ಮೇಲೆ ಮೊಳೆ ಹೊಡೆದು ಮುಗಿಸುವ ಬಡಗಿಯು ಇನ್ನೊಬ್ಬ. ಡೆಕ್ಕಿನ ಮೆಟ್ಟಿಲು ಈ ಎರಡನೆಯವನ ವಂಶಕ್ಕೆ ಸೇರಿದುದು.

ವೇಗವು ಗರಗಸದಿಂದ ಬಂದುದು ಬಹಳ ತಡವಾಗಿ. ಎಡ್ಮಂಡ್ ಮಿಶೆಲ್ ಎಂಬಾತನು ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಗರಗಸವನ್ನು ರೂಪಿಸಿದನು. 1937ರಲ್ಲಿ ಮಾರುಕಟ್ಟೆಗೆ ಬಂದ ಸ್ಕಿಲ್‌ಸಾ 77 ಎಂಬ ಮಾದರಿ ಮನೆಕಟ್ಟುವವರ ನೆಚ್ಚಿನ ಆಯುಧವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಲಾಂಗ್ ಐಲೆಂಡಿನ ಲೆವಿಟ್‌ಟೌನಿನಲ್ಲಿಯೂ ಕ್ಯಾಲಿಫೋರ್ನಿಯದ ಬಡಾವಣೆಗಳಲ್ಲಿಯೂ ಸಾವಿರಾರು ಮನೆಗಳು ಒಂದೇ ನಕ್ಷೆಯಲ್ಲಿ ಏಳುತ್ತಿದ್ದಾಗ, ಒಂದು ಹಲಗೆಯನ್ನು ಅಳೆದು ಕೊಯ್ದು ಮತ್ತೊಂದನ್ನು ಅಳೆಯುವ ಹಳೆಯ ಕ್ರಮಕ್ಕೆ ಎಡೆಯಿರಲಿಲ್ಲ. ಒಂದೇ ಬಗೆಯ ಮರಗಳನ್ನು ಸಾಲಾಗಿ ಜೋಡಿಸಿ, ಒಮ್ಮೆಗೇ ಗುರುತಿಸಿ, ಒಮ್ಮೆಗೇ ಕೊಯ್ಯುವುದು ರೂಢಿಯಾಯಿತು. ಆದರೆ ದುಂಡು ಅಲಗಿಗೊಂದು ದೋಷವುಂಟು: ಕಚ್ಚಿನ ಒಳಮೂಲೆಯನ್ನು ಮುಟ್ಟಬೇಕೆಂದು ಗೆರೆ ದಾಟಿ ಕೊಯ್ದರೆ ಉಳಿದ ಮರದ ಬಲ ಕುಂದುವುದು. ಎಂತಲೇ ತಿಳಿದವರು ಯಂತ್ರವನ್ನು ಗೆರೆಯ ಈಚೆಗೇ ನಿಲ್ಲಿಸಿ, ಮೂಲೆಯ ಅಷ್ಟನ್ನು ಕೈಗರಗಸದಿಂದ ಬಿಡಿಸುವರು.

ಮಳೆಬಿಸಿಲಿನಲ್ಲಿ ನಿಲ್ಲುವ ಡೆಕ್ಕು ಮನೆಮನೆಯ ವಸ್ತುವಾಗುವುದಕ್ಕೆ ಕೊಳೆಯದ ಅಗ್ಗದ ಮರವೂ ಬೇಕಿದ್ದಿತು. ಅದರ ಮೂಲವು ನಮ್ಮ ದೇಶದಲ್ಲಿದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ಕಂಡುಹಿಡಿದರು. ಒತ್ತಡದಿಂದ ಮರದೊಳಕ್ಕೆ ತುಂಬಿಸಿದ ಆ ದ್ರಾವಣವೇ ಮುಂದೆ ಅಮೆರಿಕದ ಡೆಕ್ಕುಗಳನ್ನು ದಶಕಗಳ ಕಾಲ ಗೆದ್ದಲಿನಿಂದಲೂ ಬೂಸಿನಿಂದಲೂ ಕಾಪಾಡಿತು. ಆರ್ಸೆನಿಕ್ಕಿನ ಭಯದಿಂದ, 2003ರ ಕೊನೆಯ ದಿನದಿಂದ ಈಚೆಗೆ, ಮನೆಬಳಕೆಯ ಮರಕ್ಕೆ ಅದನ್ನು ತುಂಬಿಸುವುದು ನಿಂತು, ಆರ್ಸೆನಿಕ್ ಇಲ್ಲದ ತಾಮ್ರದ ದ್ರಾವಣಗಳು ಬಳಕೆಗೆ ಬಂದಿವೆ. ಅವು ಸಾಮಾನ್ಯ ಉಕ್ಕನ್ನು ಬೇಗ ತಿನ್ನುವುದರಿಂದ ಮೊಳೆಗಳಿಗೆ ದಪ್ಪ ಸತುವಿನ ಲೇಪ ಬೇಕು. ಕಚ್ಚು ಕಡಿದಲ್ಲಿ ಒಳಗಿನ ಹಸಿಮರ ಹೊರಬೀಳುವುದರಿಂದ ಅಲ್ಲಿ ಮತ್ತೆ ರಕ್ಷಕವನ್ನು ಬಳಿಯಬೇಕು.

ಈ ಪರಂಪರೆಯೆಲ್ಲ ಇಂದಿನ ಒಂದು ದಿನದ ಕೆಲಸದಲ್ಲಿ ಹೇಗೆ ಕೂಡಿಬರುವುದೆಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಡೆಕ್ಕಿನ ಎತ್ತರ 42 ಅಂಗುಲವೆನ್ನೋಣ. ಆರರಿಂದ ಭಾಗಿಸಿದರೆ ಒಂದೊಂದು ಏರು 7 ಅಂಗುಲ. ಅಗಲವನ್ನು ಹತ್ತೂವರೆ ಅಂಗುಲವಿಟ್ಟರೆ ಬ್ಲೊಂಡೆಲನ ಮೊತ್ತ ಇಪ್ಪತ್ತನಾಲ್ಕೂವರೆಯಾಗುವುದು. ಕೊನೆಯ ಏರು ಡೆಕ್ಕಿನ ಮೇಲಕ್ಕೇ ಆದುದರಿಂದ ಹಲಗೆಯಲ್ಲಿ ಐದು ಕಚ್ಚುಗಳು ಸಾಕು. ಹನ್ನೊಂದೂ ಕಾಲು ಅಂಗುಲ ಅಗಲದ ಹಲಗೆಯಲ್ಲಿ ಈ ಕಚ್ಚುಗಳು ಸುಮಾರು ಆರು ಅಂಗುಲವನ್ನು ತಿಂದರೂ ಹಿಂದೆ ಐದು ಅಂಗುಲಕ್ಕೆ ಮೀರಿದ ಗಟ್ಟಿಮರ ಉಳಿಯುವುದು. ಅಡ್ಡಹಲಗೆಯ ದಪ್ಪ ಒಂದೂವರೆ ಅಂಗುಲವಾದರೆ, ಓರೆಹಲಗೆಯ ಬುಡದಿಂದ ಅಷ್ಟನ್ನೇ ಕೊಯ್ದು ತೆಗೆಯಬೇಕು. ಮರೆತರೆ ಮೊದಲ ಏರು ಎಂಟೂವರೆ ಅಂಗುಲವಾಗಿ ಕೊನೆಯದು ಐದೂವರೆಗೆ ಇಳಿಯುವುದು. ಅಮೆರಿಕದ ವಸತಿ ನಿಯಮಾವಳಿಯಾದರೋ ಅತಿದೊಡ್ಡ ಏರಿಗೂ ಅತಿಚಿಕ್ಕ ಏರಿಗೂ 3/8 ಅಂಗುಲಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ.

ಹೀಗೆ ಸಿದ್ಧವಾದ ಮೊದಲ ಹಲಗೆಯನ್ನು ಸ್ಥಳದಲ್ಲಿ ನಿಲ್ಲಿಸಿ ಪರೀಕ್ಷಿಸಿದ ಮೇಲೆ, ಅನುಭವಿಯಾದ ಬಡಗಿಯು ಅದಕ್ಕೆ ಅಚ್ಚು ಎಂದು ಗುರುತು ಹಾಕುವನು, ಉಳಿದುವನ್ನೆಲ್ಲ ಅದೊಂದರಿಂದಲೇ ಬರೆಯುವನು. ಎರಡನೆಯದರಿಂದ ಮೂರನೆಯದನ್ನೂ ಮೂರನೆಯದರಿಂದ ನಾಲ್ಕನೆಯದನ್ನೂ ಬರೆದರೆ ಪೆನ್ಸಿಲಿನ ಗೆರೆಯ ದಪ್ಪವೇ ಸೇರುತ್ತ ಸೇರುತ್ತ ದೋಷವಾಗುವುದು. ಪ್ರತಿ ಹಲಗೆಯನ್ನೂ ಬೇರೆ ಬೇರೆಯಾಗಿ ಮಟ್ಟದಿಂದ ಅಳೆದರೂ ಅದೇ ಕಷ್ಟ: ಒಂದೊಂದು ಕಚ್ಚಿಗೆ 1/16 ಅಂಗುಲ ಜಾರಿದರೆ ಐದಕ್ಕೆ 5/16 ಅಂಗುಲವಾಗಿ, ಅಷ್ಟೂ ಕೊನೆಯ ಏರಿನ ತಲೆಗೆ ಬೀಳುವುದು. ಮರದ ಅಂಚಿನ ಉಬ್ಬು ಎಲ್ಲ ಹಲಗೆಗಳಲ್ಲಿಯೂ ಮೇಲ್ಮುಖವಾಗಿರುವಂತೆ ನೋಡಿ, ಅಂಚುಗಳನ್ನು ಕೂಡಿಸಿ ಬಿಗಿದು, ಗೆರೆ ಎಳೆದು, ಅಡ್ಡಗೆರೆಗಳನ್ನೆಲ್ಲ ಒಂದು ಸುತ್ತಿನಲ್ಲಿಯೂ ಉದ್ದಗೆರೆಗಳನ್ನೆಲ್ಲ ಇನ್ನೊಂದು ಸುತ್ತಿನಲ್ಲಿಯೂ ಕೊಯ್ದು ಮುಗಿಸುವನು.

ಅಳತೆಗೋಲಿನಿಂದ ಮೊದಲುಗೊಂಡು ಈ ಅಚ್ಚುಹಲಗೆಯವರೆಗೆ ಮೆಟ್ಟಿಲಿನ ಬಡಗಿ ಗಳಿಸಿದ ಕಾಲವೆಲ್ಲ, ಬಹುಪಾಲು, ಅಳೆಯುವುದನ್ನು ಕಡಮೆ ಮಾಡಿ ಗಳಿಸಿದುದು. ವಿದ್ಯುತ್ ಗರಗಸವು ಅದಕ್ಕೆ ಕೊನೆಯಲ್ಲಿ ಬಂದು ಸೇರಿದ ಲಾಭ. ಇದರ ನಡುವೆ ಮೆಟ್ಟಿಲನ್ನೇ ವೃತ್ತಿಯಾಗಿ ಉಳ್ಳ ಹಳೆಯ ನಿಪುಣರ ವರ್ಗವು ಬಹುಮಟ್ಟಿಗೆ ಕರಗಿತೆಂಬುದೂ, ತಿರುಗುಮೆಟ್ಟಿಲಿನ ಕೈಯಾಸರೆಯನ್ನು ರೇಖಾಗಣಿತದಿಂದ ಬಿಡಿಸಬಲ್ಲವರು ಇಂದು ವಿರಳವೆಂಬುದೂ ನಿಜ. ಆದರೆ ಅವರ ವಿದ್ಯೆಯಲ್ಲಿ ಎಲ್ಲರಿಗೂ ಬೇಕಾದ ಭಾಗವು ಉಕ್ಕಿನ ಮಟ್ಟದ ಎರಡು ತೋಳುಗಳ ಮೇಲೆ ಉಳಿದುಕೊಂಡಿತು. ರಜೆಯ ದಿನ ತನ್ನ ಹಿತ್ತಿಲಿಗೆ ತಾನೇ ಮೆಟ್ಟಿಲು ಕಟ್ಟುವ ಗುಮಾಸ್ತೆಯೂ ಅದನ್ನು ಅಂಗಡಿಯಿಂದ ಕೊಂಡು ತರಬಲ್ಲನು.